ಮಾಮ, ನೀನು ಈ ಲಿಸ್ಟಲ್ಲೇ ಇಲ್ಲ

11 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವನಿಗೆ ಬೆಂಗಳೂರಲ್ಲಿ ಇನ್ನೊಂದು ಕೆಲಸ ಸಿಗಲ್ವಾ ಅನ್ನೋ ಜಂಬ ನನಗಿತ್ತು. ಲಿಂಕ್ಡ್‌ಇನ್ ಪ್ರೊಫೈಲ್ ತುಂಬಿಸಿ ಎಂಟು ತಿಂಗಳು ಕೂತೆ. ಬಂದದ್ದು ಎರಡೇ ಮೆಸೇಜು. ಅದರಲ್ಲೂ ಒಂದು ಇನ್ಶೂರೆನ್ಸ್ ಮಾರುವವನದು. 'ರೆಫರಲ್ ಇಲ್ದೆ, ಒಳಗಿರೋರು ಯಾರಾದ್ರೂ ಹೆಸರು ಹೇಳ್ದೆ ಯಾರೂ ಕರೆಯಲ್ಲ, ಸುಮ್ನೆ ಟೈಂ ವೇಸ್ಟ್' ಅಂತ ಟೀಮಿನವರು ನಕ್ಕರು.

ದುಡ್ಡೂ ಹೋಯಿತು. ರೆಸ್ಯೂಮೆ ಬರೆದುಕೊಡುವವರಿಗೆ 4,500. ಲಿಂಕ್ಡ್‌ಇನ್ನಿನ ಪ್ರೀಮಿಯಂಗೆ ಎರಡು ತಿಂಗಳು, ಹತ್ತಿರ ಹತ್ತಿರ 3,000. ಪ್ರೊಫೈಲ್ ಯಾರು ನೋಡಿದರು ಅಂತ ತೋರಿಸುತ್ತೆ, ಸರಿ. ನೋಡುವವರೇ ಇಲ್ಲದಿದ್ದರೆ ಏನು ತೋರಿಸುತ್ತೆ? ಬರೆದುಕೊಟ್ಟ ಪುಣ್ಯಾತ್ಮ ಪ್ರೊಫೈಲಲ್ಲಿ ಹೆಸರಿನ ಕೆಳಗೆ ಬರೋ ಹೆಡ್‌ಲೈನಿಗೆ 'ಪ್ಯಾಶನೇಟ್ ಕ್ವಾಲಿಟಿ ಇವಾಂಜೆಲಿಸ್ಟ್' ಅಂತ ಹಾಕಿದ್ದ. ಓದಿ ನಾನೂ ಖುಷಿಪಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ.

ಕಣ್ಣು ತೆರೆಸಿದವಳು ಅಕ್ಕನ ಮಗಳು. ಅವಳು ರಿಕ್ರೂಟರ್, ಕಂಪನಿಗಳಿಗೆ ಜನ ಹುಡುಕಿಕೊಡೋ ಕೆಲಸ. ಯುಗಾದಿಗೆ ಬಂದವಳು ಒಬ್ಬಟ್ಟು ತಿನ್ನುತ್ತಲೇ ಲ್ಯಾಪ್‌ಟಾಪ್ ತೆರೆದಳು. ನನ್ನಂಥವರನ್ನು ಹುಡುಕೋ ಪದಗಳನ್ನು ಸರ್ಚಿಗೆ ಹಾಕಿದಳು: ಸೆಲೆನಿಯಂ, ಜಾವಾ, ಎಪಿಐ ಟೆಸ್ಟಿಂಗ್, ಬೆಂಗಳೂರು, 8ರಿಂದ 12 ವರ್ಷ. ಪುಟದ ಮೇಲೆ ಪುಟ ಉರುಳಿಸಿದಳು. 'ಮಾಮ, ನೀನು ಈ ಲಿಸ್ಟಲ್ಲೇ ಇಲ್ಲ.' ಹೇಗಿರ್ತೀನಿ? ಕಂಪನಿ ಕೊಟ್ಟ ಹುದ್ದೆ 'ಸ್ಪೆಷಲಿಸ್ಟ್ ಗ್ರೇಡ್ 6'. ಹಾಗಂತ ಯಾರು ಹುಡುಕುತ್ತಾರೆ?

ಅವತ್ತು ರಾತ್ರಿಯೇ ಕೂತೆ. ನನಗೆ ಹೊಂದುವಂಥ ಮೂವತ್ತು ಜಾಬ್ ಪೋಸ್ಟಿಂಗ್ ಎಕ್ಸೆಲ್ಲಿಗೆ ಹಾಕಿ, ಯಾವ ಪದ ಎಷ್ಟು ಸಲ ಬರುತ್ತೆ ಅಂತ ಎಣಿಸಿದೆ. ಹೆಡ್‌ಲೈನಿಗೆ ಸಿಗೋದು 220 ಅಕ್ಷರ. ಮೊದಲು 'ಆಟೊಮೇಷನ್ ಟೆಸ್ಟ್ ಇಂಜಿನಿಯರ್', ಆಮೇಲೆ ಟೂಲುಗಳು. ಹಳೇ ಕೆಲಸಗಳ ಕೆಳಗೂ ಅವೇ ಪದಗಳು. ಸ್ಕಿಲ್ಸಿನಿಂದ ಎಂಎಸ್ ವರ್ಡ್, ಟೀಂವರ್ಕ್ ಎಲ್ಲ ಕಿತ್ತುಹಾಕಿದೆ. ಆಸೆಗೆ ಬಿದ್ದು ಪ್ಲೇರೈಟ್ ಅನ್ನೋ, ನನಗೆ ಗೊತ್ತೇ ಇಲ್ಲದ ಟೆಸ್ಟಿಂಗ್ ಟೂಲನ್ನೂ ಸೇರಿಸಿದ್ದೆ. ಮೊದಲ ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದರು. ಹತ್ತು ನಿಮಿಷಕ್ಕೆ ಕಥೆ ಮುಗಿಯಿತು. ಅಬೌಟ್‌ನ (ನಮ್ಮ ಬಗ್ಗೆ ನಾವೇ ಬರೆಯೋ ಜಾಗ) ಮೊದಲ ಎರಡು ಸಾಲು ಏನು ಬರೆದೆ ಅಂತ ಮಾತ್ರ ಕೇಳಬೇಡಿ, ಅದು ಅಕ್ಕನ ಮಗಳ ಗುಟ್ಟು.

ಇನ್ನೊಂದು ಎಡವಟ್ಟು. ಓಪನ್ ಟು ವರ್ಕ್, ಅಂದರೆ 'ಕೆಲಸ ಹುಡುಕ್ತಿದ್ದೀನಿ' ಅನ್ನೋ ಗುರುತನ್ನು 'ರಿಕ್ರೂಟರ್‌ಗಳಿಗೆ ಮಾತ್ರ' ಅಂತ ಇಡೋ ಬದಲು ಎಲ್ಲರಿಗೂ ಕಾಣೋ ಹಾಗೆ ಒತ್ತಿಬಿಟ್ಟೆ. ಫೋಟೊ ಸುತ್ತ ಹಸಿರು ಪಟ್ಟಿ ಬಂತು. ಸೋಮವಾರ ಕ್ಯಾಂಟೀನಿನಲ್ಲಿ ಮ್ಯಾನೇಜರ್, 'ಏನ್ರೀ, ಹಸಿರು ಬಳೆ ತೊಟ್ಟಿದ್ದೀರಂತೆ?' ಇಡ್ಲಿ ಗಂಟಲಲ್ಲೇ ನಿಂತಿತು.

ಊರಿಗೇ ಹೋಗಿಬಿಡೋಣ ಅನ್ನಿಸಿ ಒಂದು ವಾರ ಲೊಕೇಶನ್ ಮೈಸೂರು ಅಂತ ಇಟ್ಟು ನೋಡಿದೆ. ಫೋನ್ ಸದ್ದೇ ಇಲ್ಲ. ವಾಪಸ್ ಬೆಂಗಳೂರು ಮಾಡಿದೆ, ಎರಡನೇ ದಿನಕ್ಕೆ ಕರೆ ಬಂತು. ನೌಕ್ರಿ ಅನ್ನೋ ಜಾಬ್ ಸೈಟಿನಲ್ಲೂ ಪ್ರೊಫೈಲ್ ಇತ್ತು. ಅಲ್ಲಿ ದಿನಾ ಬೆಳಿಗ್ಗೆ ಹೆಡ್‌ಲೈನಿನ ಒಂದು ಫುಲ್‌ಸ್ಟಾಪ್ ತೆಗೆಯೋದು, ಮರುದಿನ ಹಾಕೋದು. ಅಷ್ಟಕ್ಕೇ ಪ್ರೊಫೈಲ್ 'ಇವತ್ತು ಅಪ್‌ಡೇಟ್ ಆಗಿದೆ' ಅಂತ ತೋರಿಸುತ್ತೆ. 'ನಿಮ್ಮ ಪೂಜೆ ಆಯ್ತಾ?' ಅಂತ ಹೆಂಡತಿ ಕಾಫಿ ತಂದಿಡುತ್ತಿದ್ದಳು.

ಸರ್ಚ್‌ನಲ್ಲಿ ಕಾಣಿಸಿಕೊಂಡ ಲೆಕ್ಕ ವಾರಕ್ಕೆ ಆರೇಳು ಇದ್ದದ್ದು 60 ದಾಟಿತು. ಎರಡು ತಿಂಗಳಲ್ಲಿ ಹದಿನೈದೋ ಹದಿನಾರೋ ಕರೆ. ಅರ್ಧಕ್ಕರ್ಧ ಜನ 90 ದಿನ ನೋಟಿಸ್, ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಹಳೇ ಕಂಪನಿಯಲ್ಲೇ ಇರಬೇಕು ಅಂದ ಕೂಡಲೇ ಫೋನ್ ಇಟ್ಟರು. ನಾಲ್ಕು ಇಂಟರ್‌ವ್ಯೂ, ಒಂದು ಆಫರ್, 35 ಪರ್ಸೆಂಟ್ ಹೈಕ್. ರೆಫರಲ್ ಒಂದೂ ಇಲ್ಲ, ಅಲ್ವಾ?

ಹೊಸ ಕಡೆ ಸೇರಿದ ಮೇಲೂ ನೌಕ್ರಿ ಪ್ರೊಫೈಲ್ ತೆಗೆದಿರಲಿಲ್ಲ. ಹೋದ ವಾರ ಒಬ್ಬಳು ಫೋನ್ ಮಾಡಿ ಕೆಲಸದ ವಿವರ ಓದಿದಳು. ಕೇಳ್ತಾ ಕೇಳ್ತಾ ಗೊತ್ತಾಯಿತು, ಅದು ನಾನು ಬಿಟ್ಟು ಬಂದ ಸೀಟೇ. ನನಗೆ ಕೊಡುತ್ತಿದ್ದದ್ದಕ್ಕಿಂತ ನಾಲ್ಕು ಲಕ್ಷ ಜಾಸ್ತಿ ಇಟ್ಟಿದ್ದಾರೆ.