ಮೀಟರ್ ಕೂಗಿದರೂ ಸ್ವಿಚ್ ಕೆಟ್ಟಿತ್ತು: ಪಿಕಪ್ ಇಂಡಿಕೇಟರ್ ರಿಪೇರಿಯ ನನ್ನ ಅನುಭವ

ನನ್ನ ಪಿಕಪ್‌ನ ಎಡಗಡೆಯ ಇಂಡಿಕೇಟರ್, ಸ್ಟೇರಿಂಗ್ ಕೆಳಗಿನ ಸ್ವಿಚ್ ಬದಲಿಸಿದ ಮೇಲೆ, ಸರಿಹೋಗಿ ಎಂಟು ತಿಂಗಳ ಮೇಲಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ಬೇಕೆಂದೇ. ಕಲಬುರಗಿಯ ಒಂದು ಬೇಸಿಗೆ ಪೂರ್ತಿ ಕಳೆಯಲಿ, ಆಮೇಲೆ ಹೇಳೋಣ ಎಂದು ಕಾದೆ. ಮೇ ತಿಂಗಳ ಬಿಸಿಲು ದಾಟಿದ ರಿಪೇರಿಯೇ ರಿಪೇರಿ. "ಸ್ವಿಚ್ ಸರಿ ಇದೆ ತಮ್ಮಾ, ಸುಮ್ಮನೆ ಸ್ಟೇರಿಂಗ್ ಬಿಚ್ಚಬೇಡ" ಎಂದಿದ್ದ ಮೂವರು ಮಿಸ್ತ್ರಿಗಳಲ್ಲಿ ಇಬ್ಬರು ಈಗ ನಾನು ಹೇಗೆ ಅಳೆದೆ ಎಂದು ಕೇಳಿಕೊಂಡು ಹೋಗಿದ್ದಾರೆ.

ಗಾಡಿಯ ಕೆಲಸ ಹೀಗಿದೆ: ವರ್ಷದ ಹೆಚ್ಚು ದಿನ ಶಹಾಬಾದಿನಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು, ತೊಗರಿ ರಾಶಿಯ ಕಾಲಕ್ಕೆ ಜೇವರ್ಗಿ ಕಡೆಯ ಹಳ್ಳಿಗಳಿಂದ ಕಲಬುರಗಿಯ ಧಾನ್ಯಪೇಟೆ ನೆಹರೂ ಗಂಜ್‌ಗೆ ಚೀಲ. ಕಲ್ಲಿನ ಪುಡಿ ಒಳಗೆ ಎಲ್ಲೆಲ್ಲೂ ಕೂರುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಶುರುವಾಯಿತು. ಬೆಳಿಗ್ಗೆ ಎಡಗಡೆಯ ದೀಪ ತುಸು ಮಂಕು, ಅಷ್ಟೇ. ಮಧ್ಯಾಹ್ನ ಕ್ಯಾಬಿನ್ ಕಾದ ಮೇಲೆ ಟಕಟಕನೆ ವೇಗವಾಗಿ ಮಿನುಗುತ್ತಿತ್ತು, ಒಮ್ಮೊಮ್ಮೆ ಪೂರ್ತಿ ನಿಂತುಬಿಡುತ್ತಿತ್ತು. ಬಲಗಡೆಯದು ಸದಾ ಸರಿ. ವೇಗ ಹೆಚ್ಚಾಯಿತು ಎಂದರೆ ಬಲ್ಬ್ ಹೋಗಿದೆ ಎಂಬುದು ನಮ್ಮೆಲ್ಲರ ಮೊದಲ ಲೆಕ್ಕ. ನಾನೂ ಅದನ್ನೇ ಹಿಡಿದೆ. ನಾಲ್ಕು ಬಲ್ಬ್, ಎರಡು ಹೋಲ್ಡರ್, ದೀಪ ಮಿನುಗಿಸುವ ಫ್ಲಾಷರ್ ಒಂದು, ಹಿಂದಿನ ದೀಪಕ್ಕೆ ಹೊಸ ಅರ್ಥ್ ವೈರು. ಸಾಮಾನಿಗೆ ಆರುನೂರು ರೂಪಾಯಿಯಷ್ಟು, ಕೂಲಿ ಎರಡು ಸಲಕ್ಕೆ ಎಂಟುನೂರು. ಗ್ಯಾರೇಜಿಗೆ ಹೋಗುತ್ತಿದ್ದದ್ದು ಬೆಳಿಗ್ಗೆ, ಆಗ ಅದು ಹೇಗೂ ಮಿನುಗುತ್ತಿತ್ತು. ಮಧ್ಯಾಹ್ನ ಮತ್ತೆ ಅದೇ ಕಥೆ. ಒಂದು ಸಂಜೆ ಸೇಡಂ ರಸ್ತೆಯಲ್ಲಿ ಎಡಕ್ಕೆ ಹೊರಳುವಾಗ ಹಿಂದೆ ಬರುತ್ತಿದ್ದ ಬೈಕಿನವನು ನನ್ನ ಬಾಗಿಲಿಗೆ ಒಂದು ಗೇಣು ದೂರದಲ್ಲಿ ನಿಂತ. ಅವನ ಹಿಂದೆ ಹೆಂಡತಿ, ಮಡಿಲಲ್ಲಿ ಕೂಸು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಬಾಡಿಗೆ ಬಿಟ್ಟು ಗಾಡಿಯನ್ನು ಮನೆ ಮುಂದೆ ನಿಲ್ಲಿಸಿದೆ.

ಹಜಾರ್ಡ್ (ಎರಡೂ ಬದಿ ಒಟ್ಟಿಗೆ ಮಿನುಗಿಸುವ ಗುಂಡಿ) ಹಾಕಿದರೆ ಎಲ್ಲ ದೀಪಗಳೂ ಚೆನ್ನಾಗಿ ಮಿನುಗುತ್ತಿದ್ದವು. ಇಲ್ಲಿ ಎಚ್ಚರ ಬೇಕು. ಹಜಾರ್ಡ್‌ನಲ್ಲಿ ಫ್ಲಾಷರ್ ಮೇಲಿನ ಲೋಡು ಎರಡರಷ್ಟು, ಹಾಗಾಗಿ ಒಂದು ಬಲ್ಬ್ ಹೋಗಿದ್ದರೂ ವೇಗ ಬದಲಾಗದೆ ಇರಬಹುದು. ನೋಡಬೇಕಾದದ್ದು ವೇಗವನ್ನಲ್ಲ, ಬೆಳಕನ್ನು. ಎಡಗಡೆಯ ದೀಪಗಳು ಹಜಾರ್ಡ್‌ನಲ್ಲಿ ಬಲಗಡೆಯಷ್ಟೇ ಉರಿಯುತ್ತಿದ್ದವು, ಕೈಯಿಂದ ಇಂಡಿಕೇಟರ್ ಹಾಕಿದರೆ ಮಂಕು. ಹಜಾರ್ಡ್‌ನ ಕರೆಂಟು ಸ್ಟೇರಿಂಗ್ ಕೆಳಗಿನ ಸ್ವಿಚ್ಚಿಗೆ ಹೋಗುವುದೇ ಇಲ್ಲ. ಅಂದರೆ ಕಳ್ಳ ಅಲ್ಲೇ ಇದ್ದಾನೆ.

ಇದನ್ನು ಹೇಳಿದರೆ ಯಾರೂ ಒಪ್ಪಲಿಲ್ಲ. ಹಿರಿಯ ಮಿಸ್ತ್ರಿಯೊಬ್ಬರು ಕಪ್ಲರ್ (ಸ್ವಿಚ್ಚಿನ ವೈರುಗಳು ಸೇರುವ ಪ್ಲಗ್ಗು) ಬಿಚ್ಚಿ, ಕರೆಂಟಿಗೆ ದಾರಿ ಇದ್ದರೆ ಕೂಗುವ ಮೀಟರಿನ ಎರಡು ಕಡ್ಡಿ ಇಟ್ಟರು. ಮೀಟರ್ ಕೂಗಿತು. "ಕೂಗುತ್ತಿದೆ ನೋಡು, ಸ್ವಿಚ್ಚಿನಲ್ಲಿ ಏನಿಲ್ಲ. ವೈರಿಂಗ್ ಪೂರ್ತಿ ಬದಲಿಸು, ಐದು ಸಾವಿರ ಆಗುತ್ತದೆ" ಎಂದರು. ಅವರ ಮೇಲೆ ನನಗೆ ಗೌರವವಿದೆ, ಡೈನಮೋ ಕೆಲಸ ಕಲಿತದ್ದು ಅವರ ಹತ್ತಿರವೇ. ಆದರೆ ಈ ಕೂಗು ನಂಬುವಂಥದ್ದಲ್ಲ. ಮೀಟರ್ ಆ ಹೊತ್ತಿನಲ್ಲಿ ಹರಿಸುವ ಕರೆಂಟು ಒಂದು ಮಿಲಿಆಂಪಿಯರ್ ಆಸುಪಾಸು. ದಾರಿಯಲ್ಲಿ ಮೂವತ್ತು ಓಮ್ ತಡೆ ಇದ್ದರೂ ಕೂಗುವ ಮೀಟರ್‌ಗಳಿವೆ. ಇಂಡಿಕೇಟರಿಗೆ ಬೇಕಾದದ್ದು 21 ವ್ಯಾಟಿನ ಎರಡು ಬಲ್ಬ್, ಪಕ್ಕದ ಸಣ್ಣದೊಂದು, ಒಟ್ಟು ಹತ್ತಿರ ಹತ್ತಿರ 4 ಆಂಪಿಯರ್. ಒಂದೇ ಒಂದು ಓಮ್ ನಡುವೆ ಕೂತರೂ ಬ್ಯಾಟರಿಯ 12ರಲ್ಲಿ ಮೂರು ವೋಲ್ಟ್ ಬಲ್ಬಿಗೆ ತಲುಪದೆ ಅಲ್ಲೇ ಉಳಿದುಬಿಡುತ್ತದೆ.

ನಾನು ಮಾಡಿದ್ದು ಇಷ್ಟು. ಮಿನುಗುವಾಗ ಮೀಟರಿನ ಅಂಕಿ ಕುಣಿಯುತ್ತದೆ, ಓದಲು ಆಗುವುದಿಲ್ಲ. ಅದಕ್ಕೆ ಫ್ಲಾಷರ್ ಕಿತ್ತು, ಅದರ ಹೋಲ್ಡರಿನ ಬಿ (ಬ್ಯಾಟರಿಯ) ಮತ್ತು ಎಲ್ (ದೀಪದ) ತೂತುಗಳಿಗೆ ಫ್ಯೂಸ್ ಇರುವ ವೈರಿನ ತುಂಡು ಸೇರಿಸಿದೆ. ದೀಪ ಮಿನುಗದೆ ನಿಂತು ಉರಿಯಿತು. ಕಪ್ಲರನ್ನು ಬಿಚ್ಚದೆ, ಅದರ ಬೆನ್ನಿನಿಂದ ಗುಂಡುಸೂಜಿ ತೂರಿಸಿ, ಸ್ವಿಚ್ಚಿಗೆ ಬರುವ ವೈರು ಮತ್ತು ಎಡಕ್ಕೆ ಹೋಗುವ ವೈರು ಇವೆರಡರ ನಡುವೆ ಮೀಟರ್ ಹಿಡಿದೆ. ಅಂದರೆ ಸ್ವಿಚ್ಚು ತಿನ್ನುವ ವೋಲ್ಟು: ಬೆಳಿಗ್ಗೆ ಮೂರಕ್ಕೆ ತುಸು ಕಡಿಮೆ. ಗಾಡಿಯನ್ನು ಬಿಸಿಲಿಗೆ ಬಿಟ್ಟು ಎರಡು ಗಂಟೆಗೆ ಮತ್ತೆ ಅಳೆದೆ: ಐದರ ಹತ್ತಿರ. ಬಲಗಡೆ ಎರಡೂ ಹೊತ್ತು 0.2. ಬಲ್ಬಿಗೆ ವೋಲ್ಟು ಸಾಲದೆ ಕರೆಂಟು ಇಳಿದಾಗ ಫ್ಲಾಷರ್ ಅದನ್ನೇ ಬಲ್ಬ್ ಹೋದಂತೆ ಎಣಿಸಿ ಓಡತೊಡಗುತ್ತದೆ. ಅದೇ ಎರಡು ವೈರುಗಳನ್ನು ಸೂಜಿಗಳ ನಡುವೆ ನೇರ ಸೇರಿಸಿ ಫ್ಲಾಷರ್ ಹಾಕಿದರೆ ಎಡಗಡೆಯ ದೀಪ ಹೊಸ ಗಾಡಿಯಂತೆ ಮಿನುಗಿತು.

ಸ್ವಿಚ್ ಹೊರತೆಗೆಯಲು ಮೊದಲು ಸ್ಟೇರಿಂಗ್ ಬಿಚ್ಚಬೇಕು. ನನ್ನದು ಹಳೆಯ ಗಾಡಿ, ಏರ್‌ಬ್ಯಾಗ್ ಇಲ್ಲ. ಇರುವವರು ಇದಕ್ಕೆ ಕೈ ಹಾಕಬೇಡಿ. ಬ್ಯಾಟರಿಯ ಮೈನಸ್ ತೆಗೆದು, ಚಕ್ರ ನೇರ ನಿಲ್ಲಿಸಿ, ಸ್ಟೇರಿಂಗ್ ಕೂರುವ ರಾಡಿಗೂ ಸ್ಟೇರಿಂಗಿಗೂ ಬಿಳಿ ಬಣ್ಣದ ಗುರುತು ಹಾಕಿ. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಬಿಟ್ಟು ಎಳೆಯಿರಿ, ಇಲ್ಲದಿದ್ದರೆ ಸ್ಟೇರಿಂಗ್ ನೇರ ಮುಖಕ್ಕೆ. ಪುಲ್ಲರ್ (ಸ್ಟೇರಿಂಗನ್ನು ಎಳೆದು ತೆಗೆಯುವ ಸಾಧನ) ಇಲ್ಲದೆಯೂ ನಾನು ಬಿಚ್ಚುತ್ತೇನೆ. ಅದರ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ತಪ್ಪಾದರೆ ರಾಡ್ ಬಾಗುತ್ತದೆ. ಎದುರಿಗೆ ಬಂದವರಿಗೆ ತೋರಿಸಬಲ್ಲೆ.

ಹಳೆಯ ಸ್ವಿಚ್ಚಿನ ಹಿಂಬದಿಯ ಲಾಕು ಎಬ್ಬಿಸಿದಾಗ ಕಂಡದ್ದನ್ನು ಮರೆಯಲಾರೆ. ಬಲಗಡೆಯ ಪತ್ತಿ (ಕರೆಂಟು ಸೇರಿಸುವ ಲೋಹದ ಪಟ್ಟಿ) ಹಳದಿಯಾಗಿ ಹೊಳೆಯುತ್ತಿತ್ತು. ಎಡಗಡೆಯದು ನೀಲಿಗಪ್ಪು, ಅದರ ಬುಡದ ಪ್ಲಾಸ್ಟಿಕ್ ಕರಗಿ ಪತ್ತಿ ಒಂದು ಕೂದಲೆಳೆಯಷ್ಟು ಒಳಗೆ ಕುಸಿದಿತ್ತು. ಒಣಗಿದ ಗ್ರೀಸಿನಲ್ಲಿ ಫರ್ಸಿ ಪುಡಿ ಕಲಸಿ ಉಪ್ಪುಕಾಗದದ ಹಾಗೆ ಕೈಗೆ ಸಿಗುತ್ತಿತ್ತು. ದಿನಕ್ಕೆ ನೂರು ಸಲ ಅದನ್ನು ಉಜ್ಜಿದರೆ ಯಾವ ಪತ್ತಿ ಉಳಿದೀತು?

ಇಲ್ಲಿಂದ ಮುಂದೆ ನನ್ನ ತಪ್ಪುಗಳು. ಮೊದಲು ಪತ್ತಿಯನ್ನು ಉಪ್ಪುಕಾಗದದಿಂದಲೇ ತಿಕ್ಕಿ ಗ್ರೀಸು ಹಚ್ಚಿ ಕೂರಿಸಿದೆ. ಮೀಟರ್ 0.4 ತೋರಿಸಿತು, ಹಿಗ್ಗಿದೆ. ಹತ್ತು ದಿನಕ್ಕೆ ಮತ್ತೆ ಎರಡು ವೋಲ್ಟ್. ಮೇಲಿನ ಲೇಪನವೇ ಹೋಗಿತ್ತು. ಆಮೇಲೆ ನಕಲಿ ಸ್ವಿಚ್, ಆರುನೂರೈವತ್ತು ರೂಪಾಯಿ. ಏಳು ವಾರ ಬಂತು. ಅದನ್ನು ಕೂರಿಸುವ ಆತುರದಲ್ಲಿ ಅಳೆಯಲಿಲ್ಲ, ಅದೇ ನನ್ನ ದೊಡ್ಡ ತಪ್ಪು. ಹೊಸದಿದ್ದಾಗಲೇ ಅದು ಮುಕ್ಕಾಲು ವೋಲ್ಟ್ ತಿನ್ನುತ್ತಿದ್ದಿರಬೇಕು.

ನಡುವೆ ಎಲ್‌ಇಡಿ ಬಲ್ಬಿನ ಪ್ರಯೋಗವೂ ಆಯಿತು. ಕರೆಂಟು ಕಡಿಮೆಯಾದರೆ ಸ್ವಿಚ್ ಉಳಿಯುತ್ತದೆ ಎಂಬ ಆಸೆ. ಫ್ಲಾಷರ್ ಎರಡೂ ಕಡೆ ಓಡತೊಡಗಿತು. ಅದನ್ನು ತಡೆಯಲು, ಬಲ್ಬಿನಷ್ಟೇ ಕರೆಂಟು ಎಳೆಯುವಂತೆ, 6 ಓಮ್‌ನ ರೆಸಿಸ್ಟರ್ ಹಾಕಿದೆ, ಅದು ಕಾದು ಹಿಂದಿನ ವೈರಿನ ಟೇಪು ಕರಗಿತು. ರೆಸಿಸ್ಟರ್ ಹಾಕಿದರೆ ಹಳೆಯ ಕರೆಂಟೇ ಮರಳಿ ಬರುತ್ತದೆ, ಮತ್ತೇನು ಉಳಿಯಿತು? ಎಲ್ಲ ಬಿಚ್ಚಿದೆ. ಒಂಬೈನೂರು ಹೋಯಿತು.

ದಸರಾ ಕಳೆದ ಮೇಲೆ ಗಟ್ಟಿ ಮನಸ್ಸು ಮಾಡಿ ಬೈಕಿನ ಬ್ಯಾಟರಿ, 21 ವ್ಯಾಟಿನ ಎರಡು ಬಲ್ಬ್, ಮೀಟರ್ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಸಾಮಾನಿನ ಅಂಗಡಿಗೆ ಹೋದೆ. ಕಟ್ಟೆಯ ಮೇಲೆ ಬಲ್ಬ್ ಹೊತ್ತಿಸಿ ಮೂರು ಸ್ವಿಚ್ ಅಳೆದೆ. ಒಂದು ತಿಂದದ್ದು 0.8 ವೋಲ್ಟ್, ಇನ್ನೊಂದು 0.5. ಕಂಪನಿಯ ಡಬ್ಬಿಯದು 0.1ರ ಮೇಲೆ ಸ್ವಲ್ಪ. ಅಂಗಡಿಯವರು ಮೊದಲು ಬೇಸರಗೊಂಡರು, ಕೊನೆಗೆ "ನಮ್ಮ ಬಳಿ ಇರುವ ಎಲ್ಲವನ್ನೂ ಹೀಗೆ ನೋಡಿಕೊಡಿ ಅಣ್ಣಾ" ಎಂದು ಚಹಾ ತರಿಸಿದರು. ಎರಡು ಸಾವಿರದ ಇನ್ನೂರು ಕೊಟ್ಟು ತಂದೆ. ಮೊದಲೇ ಹೀಗೆ ಮಾಡಿದ್ದರೆ ಮೂರು ಸಾವಿರ ಮತ್ತು ನಾಲ್ಕು ದಿನದ ಬಾಡಿಗೆ ಉಳಿಯುತ್ತಿತ್ತು.

ಕೂರಿಸುವಾಗ ಒಂದು ಮಾತು: ಇಂಡಿಕೇಟರನ್ನು ತಾನಾಗಿ ಆರಿಸುವ ರಿಂಗಿನ ಎರಡು ಕಿವಿಗಳು ಸ್ಟೇರಿಂಗಿನ ಖಾಚಿಗೆ (ತೋಡಿಗೆ) ಸರಿಯಾಗಿ ಬೀಳಬೇಕು. ನಕಲಿಯನ್ನು ಕೂರಿಸಿದ್ದಾಗ ಅದು ಜಾರಿ, ಬಲಕ್ಕೆ ಹೊರಳಿದ ಮೇಲೆ ಆರುತ್ತಲೇ ಇರಲಿಲ್ಲ, ಮತ್ತೆ ಬಿಚ್ಚಬೇಕಾಯಿತು. ಹೊಸ ಸ್ವಿಚ್ಚಿನ ಗ್ರೀಸು ಒರೆಸಿ ನಾನು ಬೇರೆಯದನ್ನು ಹಚ್ಚಿದ್ದೇನೆ, ಯಾವುದೆಂದು ಸದ್ಯಕ್ಕೆ ಹೇಳುವುದಿಲ್ಲ, ಇನ್ನೊಂದು ಬೇಸಿಗೆ ನೋಡಬೇಕು. ಕವರಿನ ಸಂದಿಗೆ ಒಳಗಿನಿಂದ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದೆ, ಪುಡಿ ಒಳಗೆ ಬರುವುದು ಬಹಳ ಕಡಿಮೆಯಾಗಿದೆ.

ತಮ್ಮನ ಗಾಡಿಗೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಹಾಕಿ, ಸ್ವಿಚ್ಚಿನ ಮೂಲಕ ರಿಲೇ ಕಾಯಿಲಿನ ಕರೆಂಟು ಮಾತ್ರ ಹೋಗುವಂತೆ ಮಾಡಿದ್ದೇನೆ. ಕೆಲಸ ಮಾಡುತ್ತಿದೆ, ಆದರೆ ಇನ್ನೂ ಎರಡೇ ತಿಂಗಳು.

ಮೊನ್ನೆ ಫರ್ಸಿ ಇಳಿಸಿ ಬಂದ ಮಧ್ಯಾಹ್ನ, ಸ್ಟೇರಿಂಗ್ ಮುಟ್ಟಲಾರದಷ್ಟು ಕಾದಿದ್ದಾಗ, ಮತ್ತೆ ಸೂಜಿ ಚುಚ್ಚಿ ಅಳೆದೆ. ಎಡಗಡೆ 0.15, ಬಲಗಡೆ 0.15.