ಗೇಮ್‌ನಲ್ಲಿ ಕಾರು ನಿಜವಾಗಿ ನಜ್ಜುಗುಜ್ಜಾಗಬೇಕಾ? ಹೀಗೆ ಮಾಡಿ
ಗೋಡೆಗೆ 200ರ ಸ್ಪೀಡಲ್ಲಿ ಗುದ್ದಿದರೂ ಬಂಪರ್ ಮೇಲೆ ಬರೀ ಗೀರು ಬಿದ್ದರೆ ಬೇಜಾರಾಗುತ್ತದೆ ಅಲ್ವಾ? ಗೇಮ್ ಮಾಡುವವರಿಗೆ ಬರಲ್ಲ ಅಂತಲ್ಲ. ನಿಜವಾದ ಬ್ರ್ಯಾಂಡ್ ಹಾಕಲು ಕಾರು ಕಂಪನಿಯಿಂದ ಲೈಸೆನ್ಸ್ ಬೇಕು, ತಮ್ಮ ಕಾರು ಅಪ್ಪಚ್ಚಿಯಾಗಿ ಕಾಣುವುದು ಎಷ್ಟೋ ಕಂಪನಿಗಳಿಗೆ ಇಷ್ಟವಿಲ್ಲ.

ಮೊದಲು ಸೆಟ್ಟಿಂಗ್ಸ್ ನೋಡಿ. ಫೋರ್ಜಾ ಹೊರೈಜನ್ 5 ಅನ್ನೋ ರೇಸಿಂಗ್ ಗೇಮ್‌ನ ಡಿಫಿಕಲ್ಟಿ ಮೆನುವಿನಲ್ಲಿ ಡ್ಯಾಮೇಜ್ 'ಕಾಸ್ಮೆಟಿಕ್' ಅಂತಿದ್ದರೆ ಏಟು ಕಣ್ಣಿಗೆ ಮಾತ್ರ. 'ಸಿಮ್ಯುಲೇಷನ್' ಆರಿಸಿ, ಆಗ ಗುದ್ದಿದ್ದು ಓಡಿಸುವಾಗಲೂ ಗೊತ್ತಾಗುತ್ತದೆ.

ಅದೂ ಸಾಲದಾ? ಹಾಗಾದರೆ ಬ್ರ್ಯಾಂಡ್ ಆಸೆ ಬಿಡಿ. 2018ರ ರೆಕ್‌ಫೆಸ್ಟ್ ಆಡಿ, ಪಿಸಿ ಇದ್ದರೆ ಬೀಮ್‌ಎನ್‌ಜಿ ಡ್ರೈವ್. ಎರಡರಲ್ಲೂ ಕಾರುಗಳ ಹೆಸರು ಕಲ್ಪನೆಯವು, ಹಾಗಾಗಿ ಯಾರ ಒಪ್ಪಿಗೆಯೂ ಬೇಡ. ನನಗಂತೂ ಬೀಮ್‌ಎನ್‌ಜಿಯೇ ಜಾಸ್ತಿ ಇಷ್ಟ. ಇಬಿಶು ಕೋವೆಟ್ ಅನ್ನೋ ಪುಟ್ಟ ಕಾರು ತಗೊಂಡು ಕಂಬಕ್ಕೆ ಗುದ್ದಿ, ಸ್ಲೋ ಮೋಷನ್‌ನಲ್ಲಿ ನೋಡಿ: ಬಾನೆಟ್ ಮಡಚಿಕೊಳ್ಳುತ್ತದೆ, ಏಟು ಜೋರಾಗಿದ್ದರೆ ರೇಡಿಯೇಟರ್ ಒಡೆದು ನೀರು ಸೋರಿ, ಹಾಗೇ ಓಡಿಸ್ತಾ ಹೋದರೆ ಎಂಜಿನ್ ಕಾದು ಕೆಟ್ಟೇ ಹೋಗುತ್ತದೆ. ಲ್ಯಾಪ್‌ಟಾಪ್ ಹಳೆಯದಾದರೆ ಒಂದೇ ಕಾರು ಇಟ್ಟುಕೊಳ್ಳಿ, ಪ್ರತಿ ಕಾರೂ ಪ್ರೊಸೆಸರ್ ಮೇಲೆ ಹೊರೆ ಹೇರುತ್ತದೆ.