ಡೀಸೆಲ್ ಕಾಸು ಮೊದಲು, ಕಾಣಿಕೆ ಚೀಲ ಸಭೆಗೆ: ನಮ್ಮ ಬ್ಯಾಂಡ್ ಉಳಿದ ಬಗೆ

ಹೋದ ಡಿಸೆಂಬರ್‌ಗೆ ನಮ್ಮ ಬ್ಯಾಂಡಿನ ಸಾಲ ತೀರಿತು. ಒಂದು ಲಕ್ಷ ಎಂಬತ್ತು ಸಾವಿರ ಹತ್ತಿರ ಇತ್ತು. ಬರೀ ಕನ್ನಡ ಕ್ರೈಸ್ತ ಆರಾಧನೆ ಹಾಡು ಇಟ್ಟುಕೊಂಡು ಬೆಂಗಳೂರಿನಿಂದ ಊರೂರು ತಿರುಗುತ್ತಲೇ, ಯಾರೂ ಕೆಲಸ ಬಿಡದೆ ತೀರಿಸಿದೆವು. ಆಗೋ ಮಾತಲ್ಲ ಅಂದವರೇ ಜಾಸ್ತಿ. ತಮಿಳು, ಇಂಗ್ಲಿಷ್ ಸೇರಿಸಿ ಅಂದರು. "ಏನ್ ಬ್ರದರ್, ದೇವರ ಕೆಲಸಕ್ಕೆ ಮೊದಲೇ ಕಾಸು ಕೇಳ್ತೀರಾ?" ಅಂತಲೂ ಕೇಳಿದರು. ಹೌದು, ಕೇಳುತ್ತೇವೆ. ಉಳಿದದ್ದೇ ಅದರಿಂದ.

2018ರಲ್ಲಿ ಹುಬ್ಬಳ್ಳಿ ಕಡೆ ಒಂದು ಕನ್ವೆನ್ಷನ್‌ಗೆ ಹೋಗಿದ್ದೆವು. ಏಳು ಜನ, ಒಂದು ಟೆಂಪೋ ಟ್ರಾವೆಲರ್, ಹೋಗಿ ಬರಲು ಎಂಟುನೂರೈವತ್ತು ಕಿ.ಮೀ. ಬಾಡಿಗೆ, ಡ್ರೈವರ್ ಬತ್ತಾ, ಟೋಲ್ ಎಲ್ಲ ಸೇರಿ 20 ಸಾವಿರ ದಾಟಿತು. ಕಾಣಿಕೆಯಲ್ಲಿ ಬಂದದ್ದೆಲ್ಲ ನಿಮಗೇ ಅಂದಿದ್ದರು. ರಾತ್ರಿ ಹನ್ನೊಂದಕ್ಕೆ ಸ್ಟೇಜ್ ಹಿಂದೆ ಮೊಬೈಲ್ ಬೆಳಕಲ್ಲಿ ಎಣಿಸಿದೆ. ಎಲ್ಲ ಹತ್ತು, ಇಪ್ಪತ್ತರ ನೋಟು. ಸೆರಗಿನ ಗಂಟಿನಲ್ಲಿ ಇದ್ದೂ ಇದ್ದೂ ಬಟ್ಟೆಯಂತೆ ಮೆತ್ತಗಾಗಿದ್ದವು. 3,400 ಚಿಲ್ಲರೆ ಇತ್ತು. ಮುಂದಿನ ಸಾಲಲ್ಲಿ ಕೂತು ಕಣ್ಣು ಮುಚ್ಚಿ ಹಾಡಿದ ಕೂಲಿ ಹೆಂಗಸರ ಕಾಸು ಅದು. ತಗೊಂಡರೆ ನಮಗೆ ಸಾಲದು, ಬಿಟ್ಟರೆ ಅವರ ಸಭೆಗೆ, ಅಂದರೆ ಚರ್ಚಿಗೆ, ಒಂದು ತಿಂಗಳ ಕರೆಂಟ್ ಬಿಲ್ಲು ಆಗುತ್ತದೆ. ವಾಪಸ್ ಕೊಟ್ಟು ಬಂದೆ. ಆಮೇಲೆ ನನ್ನ ಗಿಟಾರ್ ಮಾರಿ ಗಾಡಿಯವರ ಬಾಕಿ ಕಟ್ಟಿದೆ.

ಕೊರೋನಾ ಕಳೆದ ಮೇಲೆ ಲೆಕ್ಕ ಬದಲಾಯಿಸಿದೆವು. ಹಾಡೋದಕ್ಕೆ ಫೀಸ್ ಇಲ್ಲ. ಕಾಣಿಕೆ ಚೀಲಕ್ಕೆ ಕೈ ಹಾಕಲ್ಲ. ಆದರೆ ಗಾಡಿ ಖರ್ಚು ಪೈಸೆ ಸಮೇತ ಬರೆದು ಕಳಿಸುತ್ತೇವೆ, ಅರ್ಧ ಹತ್ತು ದಿನ ಮೊದಲೇ ಬರಬೇಕು. ಊಟ, ಮಲಗಲು ಜಾಗ ಅವರದು. ಕಿ.ಮೀ.ಗೆ ಎರಡು ರೂಪಾಯಿ ಜಾಸ್ತಿ ಹಿಡಿಯುತ್ತೇವೆ. ಅದು ಕೇಬಲ್ಲು, ತಂತಿಗೆ ಅಂತ ಬಾಯಿ ಬಿಟ್ಟೇ ಹೇಳುತ್ತೇವೆ. ಒಂದೇ ಊರಿಗೆ ಹೋಗಲ್ಲ. ಒಂದೇ ರಸ್ತೆಯ ಎರಡು ಸಭೆ ಸೇರಿದರೆ ಮಾತ್ರ ಗಾಡಿ ಹೊರಡುತ್ತದೆ, ಖರ್ಚು ಎರಡು ಪಾಲಾಗುತ್ತದೆ. ಮೊದಲ ವರ್ಷ ಹತ್ತರಲ್ಲಿ ನಾಲ್ಕು ಜನ ಫೋನ್ ಇಟ್ಟರು. ಈಗ ವರ್ಷಕ್ಕೆ ಇಪ್ಪತ್ತು, ಇಪ್ಪತ್ತೆರಡು ಓಟ. ಎರಡನೇ ಸಭೆಯನ್ನು ಒಪ್ಪಿಸೋ ಮಾತು ಹೇಗೆ ಶುರು ಮಾಡುತ್ತೇವೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ.

ಸಾಲ ತೀರಿಸಿದ್ದು ಡಿಸೆಂಬರ್ ತಿಂಗಳ ಗಳಿಕೆ. ವೈಟ್‌ಫೀಲ್ಡ್, ಮಾನ್ಯತಾ ಕಡೆ ಕಂಪನಿಗಳ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ 15ರಿಂದ 20 ಸಾವಿರ ಕೊಡುತ್ತಾರೆ. ಅಲ್ಲಿ ಫೀಸ್ ತಗೊಳ್ಳುತ್ತೇವೆ, ಒಂದು ಪೈಸೆ ಬಿಡಲ್ಲ.

ಸೌಂಡ್‌ನಲ್ಲಿ ಕಳಕೊಂಡದ್ದೂ ಕಮ್ಮಿಯಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ 18 ಚಾನೆಲ್ ಡಿಜಿಟಲ್ ಮಿಕ್ಸರ್ (ಮೈಕ್, ವಾದ್ಯಗಳ ಸದ್ದು ಕೂಡಿಸೋ ಪೆಟ್ಟಿಗೆ) ತಗೊಂಡೆವು. ಟ್ಯಾಬ್‌ನಿಂದ ಅದನ್ನು ನಡೆಸೋಕೆ ಅದರ ಒಳಗಿನ ವೈಫೈ ನಂಬಿ ಕೆಟ್ಟೆವು. ಮುನ್ನೂರು ಜನರ ಜೇಬಲ್ಲಿ ಮುನ್ನೂರು ಫೋನ್, ಎರಡನೇ ಹಾಡಿಗೇ ಟ್ಯಾಬ್ ಕೈ ಕೊಟ್ಟಿತು. ಎಸ್.ಪಿ. ರೋಡಿನಿಂದ ಎರಡು ಸಾವಿರ ಚಿಲ್ಲರೆಗೆ ಒಂದು ರೂಟರ್ ತಂದು ಸ್ಟೇಜ್ ಪಕ್ಕ ಎತ್ತರಕ್ಕೆ ಕಟ್ಟಿದ ಮೇಲೆ ಆ ಕಾಟ ಇಲ್ಲ. ಸ್ಪೀಕರ್‌ನಲ್ಲಿ ಗುಂಯ್ ಅನ್ನೋ ಹಮ್ ಬರುತ್ತೆ ಅಂತ ಪ್ಲಗ್‌ನ ಅರ್ಥ್ ಪಿನ್ ಮಾತ್ರ ಕೀಳಬೇಡಿ. ನಮ್ಮ ಗಿಟಾರ್ ಹುಡುಗನಿಗೆ ತುಟಿ ಮೈಕ್‌ಗೆ ತಾಗಿದ್ದೇ ಶಾಕ್ ಹೊಡೆದು ಎರಡು ನಿಮಿಷ ಮಾತೇ ಹೊರಡಲಿಲ್ಲ. ಗಿಟಾರನ್ನು ಮಿಕ್ಸರ್‌ಗೆ ಸೇರಿಸೋ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರೋದೇ ಹಮ್ ಹೋಗಿಸೋಕೆ ಅಲ್ವಾ.

ನಡುವೆ ಒಂದು ಪ್ರಯೋಗ ಮಾಡಿದೆವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಜರ್ಮನ್ ರಾಗಗಳು ಧಾರವಾಡ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಇವೆ. ಅಂಥ ಒಂದು ಹಳೇ ಗೀತೆಯನ್ನು ಡ್ರಮ್ಸ್ ಬಿಟ್ಟು ಢೋಲಕ್‌ಗೆ ಕೂರಿಸಿ, ಶ್ರುತಿ ಒಂದು ಮನೆ ಇಳಿಸಿ ಶುರು ಮಾಡಿದೆವು. ಹಿಂದಿನ ಬೆಂಚಿನಲ್ಲಿದ್ದ ಅಜ್ಜ ಪುಸ್ತಕ ಮಡಚಿಟ್ಟು ಬೇಸ್ ಪಾರ್ಟ್, ಅಂದರೆ ಗಂಡಸರ ತಗ್ಗಿನ ದನಿ, ಹಿಡಿದರು. ಪಕ್ಕದ ಅಜ್ಜಿ ಆಲ್ಟೋ, ಹೆಂಗಸರ ತಗ್ಗಿನ ದನಿ. ನಾವು ಮೈಕ್ ಬಿಟ್ಟು ಹಿಂದೆ ಸರಿದೆವು. ಈಗ ಎಲ್ಲಿ ಹೋದರೂ ಮೊದಲ ಹಾಡು ಆ ಊರಿನ ಹಳೇ ಗೀತೆಯೇ. ಯಾವುದು ಅಂತ ಮೊದಲೇ ಪತ್ತೆ ಹಚ್ಚೋ ದಾರಿ ನಮ್ಮದೇ.

ಶುಕ್ರವಾರ ರಾತ್ರಿ ಹತ್ತರ ಮೇಲೆ ಹೊರಡುತ್ತೇವೆ, ಗೊರಗುಂಟೆಪಾಳ್ಯ ಸಿಗ್ನಲ್ ಆಗಷ್ಟೇ ಬಿಡುತ್ತದೆ. ಸೋಮವಾರ ಬೆಳಗ್ಗೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದರೆ ಒಂಬತ್ತಕ್ಕೆ ಎಲ್ಲರೂ ಅವರವರ ಡ್ಯೂಟಿಗೆ. ಪ್ರಾಕ್ಟೀಸ್ ಮಂಗಳವಾರ ರಾತ್ರಿ ಲಿಂಗರಾಜಪುರದ ಮನೆಯಲ್ಲಿ, ಎಲ್ಲ ಹೆಡ್‌ಫೋನ್‌ನಲ್ಲೇ.

ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಲೆಂಟ್, ಅದರ 40 ದಿನ ಬುಕಿಂಗ್ ತಗೊಳ್ಳಲ್ಲ. ಭಾನುವಾರ ನಮ್ಮ ಸಭೆಯಲ್ಲಿ ಹೆಂಡತಿ ಮಕ್ಕಳ ಪಕ್ಕ ಕೂರುತ್ತೇವೆ. ಸಂಜೆ ಹೊತ್ತು ಕೇಬಲ್ ಬೆಸುಗೆ ಹಾಕುತ್ತೇನೆ. ಈಸ್ಟರ್ ಕಳೆದ ಮೇಲೆ ಮೊದಲ ಓಟ ಶಿರಾ, ಚಿತ್ರದುರ್ಗ. ಎರಡೂ ಕಡೆಯಿಂದ ಡೀಸೆಲ್ ಕಾಸು ಅರ್ಧ ಬಂದಿದೆ.